ಎಸ್‌ಎಂಪಿಎಸ್ ಒರೆಗೆ ಹಚ್ಚಿದ ಮೇಲೆ ಕಂಪ್ಯೂಟರ್ ಕಟ್ಟಿ

ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ರಜೆ ಬಂತೆಂದರೆ ಒಂದು ಬೇಡಿಕೆ ಏಳುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಂಪ್ಯೂಟರ್ ಬೇಡ, ಬಿಡಿಭಾಗಗಳನ್ನು ತಂದು ತಾನೇ ಜೋಡಿಸುತ್ತೇನೆ ಎಂದು ಮಗನೋ ಮಗಳೋ ಪಟ್ಟು ಹಿಡಿಯುತ್ತಾರೆ. ಅಪ್ಪ ಅಮ್ಮನಿಗೆ ಒಳಗೊಳಗೇ ಹೆಮ್ಮೆ. ಅದರ ಬೆನ್ನಿಗೇ ಹತ್ತಾರು ಸಾವಿರ ರೂಪಾಯಿ ಎಲ್ಲಿ ನೀರುಪಾಲಾಗುವುದೋ ಎಂಬ ಅಳುಕು. ಹೆಮ್ಮೆಯೂ ಸರಿ, ಅಳುಕೂ ಸರಿ. ನಾಲ್ಕು ಸ್ಕ್ರೂ ಬಿಗಿದು ವೈರು ಸಿಕ್ಕಿಸುವುದು ಅಂಥ ಕಷ್ಟದ ಕೆಲಸವಲ್ಲ. ಆದರೆ ಯಾವ ಭಾಗವನ್ನು ಮೊದಲು ಪರೀಕ್ಷಿಸಬೇಕು ಎಂಬುದು ತಿಳಿಯದಿದ್ದರೆ ಅದೇ ನಷ್ಟಕ್ಕೆ ದಾರಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಬರುವ ಹುಡುಗರು ಪ್ರೊಸೆಸರ್ ಬಗ್ಗೆ ಗಂಟೆಗಟ್ಟಲೆ ವಿಚಾರಿಸುತ್ತಾರೆ. ಗ್ರಾಫಿಕ್ಸ್ ಕಾರ್ಡಿಗಾಗಿ ಹತ್ತು ಅಂಗಡಿ ಸುತ್ತುತ್ತಾರೆ. ಕೊನೆಗೆ ಕೈಯಲ್ಲಿ ಉಳಿದ ಚಿಲ್ಲರೆಗೆ ಸಿಕ್ಕಿದ ಒಂದು ತಗಡಿನ ಡಬ್ಬಿ ಕೊಂಡು ಮನೆಗೆ ಮರಳುತ್ತಾರೆ. ಆ ಡಬ್ಬಿಯೇ ಪವರ್ ಸಪ್ಲೈ. ರಿಪೇರಿ ಅಂಗಡಿಯವರ ಬಾಯಲ್ಲಿ ಎಸ್‌ಎಂಪಿಎಸ್. ಅಡುಗೆ ಎಷ್ಟೇ ಚೆನ್ನಾಗಿರಲಿ, ನೀರು ಕೆಟ್ಟಿದ್ದರೆ ಮನೆಮಂದಿಯೆಲ್ಲ ಹಾಸಿಗೆ ಹಿಡಿಯುತ್ತಾರಲ್ಲ, ಕಂಪ್ಯೂಟರಿನ ಕಥೆಯೂ ಹಾಗೆಯೇ. ಪ್ರೊಸೆಸರ್ ಕೆಟ್ಟರೆ ಪ್ರೊಸೆಸರ್ ಒಂದೇ ಹೋಗಬಹುದು. ಎಸ್‌ಎಂಪಿಎಸ್ ಕೆಟ್ಟು ಹೆಚ್ಚು ವೋಲ್ಟೇಜ್ ಹರಿಸಿದರೆ ಅದಕ್ಕೆ ತಗಲಿಕೊಂಡ ಮದರ್‌ಬೋರ್ಡ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಒಟ್ಟಿಗೆ ಹೋಗಬಹುದು.

ಇನ್ನೊಂದು ತೊಂದರೆಯೂ ಇದೆ. ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದಾಗ ಯಂತ್ರ ಮಿಸುಕಾಡದಿದ್ದರೆ ದೋಷ ಯಾವುದರದ್ದು? ಬೋರ್ಡ್ ಮಾರಿದವನು ಎಸ್‌ಎಂಪಿಎಸ್ ಕಡೆ ಬೆರಳು ತೋರಿಸುತ್ತಾನೆ, ಎಸ್‌ಎಂಪಿಎಸ್ ಮಾರಿದವನು ಬೋರ್ಡಿನ ಕಡೆ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಅಂಗಡಿಯವರು ಬದಲಿ ಕೊಡುವ ದಿನಗಳು ಕಳೆದುಹೋಗುತ್ತವೆ. ಜೋಡಿಸುವ ಮುನ್ನ ಅರ್ಧ ಗಂಟೆ ಕೂತು ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಿ ಅಂಕಿಗಳನ್ನು ಬರೆದಿಟ್ಟಿದ್ದರೆ ಈ ಜಗಳ ಅಲ್ಲಿಗೇ ಮುಗಿಯುತ್ತದೆ.

ಡಬ್ಬಿಯೊಳಗೆ ನಡೆಯುವುದೇನು?

ಗೋಡೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟಿನ ಎ.ಸಿ. ವಿದ್ಯುತ್. ಕಂಪ್ಯೂಟರಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ಡಿ.ಸಿ. ಹಳೆಯ ರೇಡಿಯೊಗಳಲ್ಲಿ ಈ ಕೆಲಸವನ್ನು ಭಾರವಾದ ಟ್ರಾನ್ಸ್‌ಫಾರ್ಮರ್ ಮಾಡುತ್ತಿತ್ತು. ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುವ ವಿದ್ಯುತ್ತಿಗೆ ದೊಡ್ಡ ಕಬ್ಬಿಣದ ತಿರುಳು ಬೇಕು. ಅದೇ ವಿಧಾನದಲ್ಲಿ 500 ವಾಟ್ ಪಡೆಯಹೊರಟರೆ ಡಬ್ಬಿಯನ್ನು ಎತ್ತುವುದೇ ಒಂದು ಸಾಹಸವಾದೀತು.

ಎಸ್‌ಎಂಪಿಎಸ್ ಬೇರೆ ದಾರಿ ಹಿಡಿಯುತ್ತದೆ. ಎ.ಸಿ.ಯನ್ನು ಮೊದಲು ನೇರವಾಗಿಯೇ ಡಿ.ಸಿ. ಮಾಡಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಅನಂತರ ಆ ಡಿ.ಸಿ.ಯನ್ನು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ, ಕೆಲವದರಲ್ಲಿ ಲಕ್ಷಕ್ಕೂ ಹೆಚ್ಚು ಬಾರಿ, ಹಚ್ಚಿ ಆರಿಸುತ್ತವೆ. ಆವೃತ್ತಿ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾದರೆ ಸಾಕು. ಮುಷ್ಟಿಯೊಳಗೆ ಹಿಡಿಯುವ ಟ್ರಾನ್ಸ್‌ಫಾರ್ಮರ್ ನೂರಾರು ವಾಟ್ ದಾಟಿಸುತ್ತದೆ. ಕೊನೆಯಲ್ಲಿ ಇನ್ನೊಮ್ಮೆ ಡಿ.ಸಿ. ಮಾಡಿ, ಅಲೆಗಳನ್ನು ಸೋಸಿ ಹೊರಕ್ಕೆ ಬಿಡುತ್ತದೆ. ಹೊರಗಿನ ವೋಲ್ಟೇಜ್ ಇಳಿದರೆ ಒಳಗಿನ ನಿಯಂತ್ರಕ ಅದನ್ನು ಗಮನಿಸಿ ಹಚ್ಚುವ ಹೊತ್ತನ್ನು ಹಿಗ್ಗಿಸುತ್ತದೆ. ಏರಿದರೆ ಕುಗ್ಗಿಸುತ್ತದೆ.

1977ರ ಆಪಲ್ 2 ಕಂಪ್ಯೂಟರಿನಲ್ಲಿ ಈ ಬಗೆಯ ಸಪ್ಲೈ ಇತ್ತು. ಅದನ್ನು ರೂಪಿಸಿದವರು ರಾಡ್ ಹೋಲ್ಟ್. 1981ರ ಐಬಿಎಂ ಪಿ.ಸಿ.ಗೆ 63.5 ವಾಟಿನ ಸಪ್ಲೈ ಸಾಕಾಗಿತ್ತು. ಇಂದು ಆಟಗಳಿಗೆಂದು ಕಟ್ಟುವ ಯಂತ್ರಕ್ಕೆ ಅದರ ಹತ್ತು ಪಟ್ಟು ಬೇಕಾದರೂ ಆಶ್ಚರ್ಯವಿಲ್ಲ. ಈಗ ಮನೆಯಲ್ಲಿ ಜೋಡಿಸುವ ಕಂಪ್ಯೂಟರುಗಳು ಬಹುಪಾಲು ಅನುಸರಿಸುವುದು ಇಂಟೆಲ್ ಸಂಸ್ಥೆ 1995ರಲ್ಲಿ ಹೊರತಂದ ಎಟಿಎಕ್ಸ್ ಎಂಬ ಮಾನಕವನ್ನು. ಮುಂದೆ ಹೇಳುವ ಅಂಕಿಗಳೆಲ್ಲ ಅದಕ್ಕೇ ಸೇರಿದವು.

ಮೊದಲು ಎಚ್ಚರಿಕೆಯ ಮಾತು

ಎಸ್‌ಎಂಪಿಎಸ್ ಡಬ್ಬಿಯ ಮುಚ್ಚಳವನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಬಿಚ್ಚಬಾರದು. ದ್ವಿತೀಯ ಪಿ.ಯು.ಸಿ. ಭೌತಶಾಸ್ತ್ರ ಓದಿದವರಿಗೆ ಕಾರಣ ಸುಲಭವಾಗಿ ತಿಳಿಯುತ್ತದೆ. 230 ಎಂಬುದು ಆರ್.ಎಂ.ಎಸ್. ಬೆಲೆ. ಶಿಖರ ಬೆಲೆ ಅದರ 1.414ರಷ್ಟು, ಎಂದರೆ ಸುಮಾರು 325 ವೋಲ್ಟ್. ಒಳಗಿನ ದೊಡ್ಡ ಕೆಪಾಸಿಟರ್ ಇಷ್ಟಕ್ಕೆ ತುಂಬಿರುತ್ತದೆ. ಅದು 330 ಮೈಕ್ರೊಫ್ಯಾರಡ್ ಇದ್ದರೆ ಅದರಲ್ಲಿರುವ ಶಕ್ತಿ, ಸೂತ್ರದ ಪ್ರಕಾರ, ಸುಮಾರು 17 ಜೂಲ್. ಒಂದು ಕಿಲೊ ಬೆಲ್ಲವನ್ನು ಆಳೆತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಅದು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದು ಎದೆಯ ಮೂಲಕ ಹರಿದರೆ ಪ್ರಾಣಕ್ಕೇ ಸಂಚಕಾರ. ಒಳಗಿನ ರಿಪೇರಿ ಅದನ್ನು ಕಲಿತವರ ಕೆಲಸ. ಇಲ್ಲಿ ಹೇಳುವ ಪರೀಕ್ಷೆ ಪೂರ್ತಿಯಾಗಿ ಡಬ್ಬಿಯ ಹೊರಗಿನದು, 12 ವೋಲ್ಟ್ ದಾಟದ ವೈರುಗಳದು.

ಎರಡನೆಯದು ಅರ್ಥಿಂಗ್. ಕಂಪ್ಯೂಟರಿನ ಲೋಹದ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಎಷ್ಟೋ ಮನೆಗಳಲ್ಲಿ ದೂರುತ್ತಾರೆ. ಸಾಮಾನ್ಯವಾಗಿ ಅದು ಎಸ್‌ಎಂಪಿಎಸ್ ದೋಷವಲ್ಲ. ಮನೆಯ ಸಾಕೆಟ್ಟಿನ ಮೂರನೆಯ ತೂತಿನಲ್ಲಿ ಅರ್ಥ್ ಇಲ್ಲ ಎಂಬುದರ ಸೂಚನೆ. ಡಬ್ಬಿಯ ಬಾಯಲ್ಲೇ ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು ಪುಟ್ಟ ಕೆಪಾಸಿಟರ್ ಲೋಹದ ಮೈಗೆ ಸೇರಿರುತ್ತವೆ. ವಿದ್ಯುತ್ ಗದ್ದಲವನ್ನು ನೆಲಕ್ಕಿಳಿಸುವುದು ಅವುಗಳ ಕೆಲಸ. ಅರ್ಥ್ ಇಲ್ಲದಿದ್ದರೆ ಇಳಿಯಲು ದಾರಿಯಿಲ್ಲ. ಆಗ ಲೋಹದ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ, ಎಂದರೆ 115 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತದೆ. ಹರಿಯುವ ಪ್ರವಾಹ ಬಲು ಸಣ್ಣದಾದ್ದರಿಂದ ಬರಿ ಜುಮ್ಮೆನ್ನುತ್ತದೆ. ಆದರೆ ಒಳಗೆ ನಿಜವಾಗಿಯೇ ಫೇಸ್ ವೈರು ಮೈಗೆ ತಗಲಿದ ದಿನ ಕಾಪಾಡಲು ಅರ್ಥ್ ಇರುವುದಿಲ್ಲ. ಆದ್ದರಿಂದ ಪರೀಕ್ಷೆಗೂ ಮೊದಲು ವೈರ್‌ಮನ್ ಕರೆಸಿ ಸಾಕೆಟ್ ನೋಡಿಸುವುದು ಲೇಸು. ಈ ಒಂದು ಕೆಲಸ ಅಪ್ಪ ಅಮ್ಮನ ಪಾಲಿನದು.

ಮೂರನೆಯದು, ಹಿಂಬದಿಯ ಕೆಂಪು ಜಾರುಗುಂಡಿ. ಹಳೆಯ ಹಾಗೂ ಅಗ್ಗದ ಕೆಲವು ಸಪ್ಲೈಗಳಲ್ಲಿ 115 ಮತ್ತು 230 ಎಂದು ಬರೆದ ಗುಂಡಿಯಿರುತ್ತದೆ. ಅಮೆರಿಕದಿಂದ ಬಂದ ಅಣ್ಣನೋ ಭಾವನೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಹಳೆಯ ಸಪ್ಲೈ ಆದರೆ ಗುಂಡಿ 115ರ ಮೇಲೆಯೇ ಇರುವ ಸಂಭವ ಹೆಚ್ಚು. ಆ ಸ್ಥಾನದಲ್ಲಿ ಒಳಗಿನ ಮಂಡಲ ವೋಲ್ಟೇಜನ್ನು ಇಮ್ಮಡಿ ಮಾಡುತ್ತದೆ. ಅಮೆರಿಕದ ವಿದ್ಯುತ್ತಿಗೆ ಅದು ಸರಿ. ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ 325ರ ಜಾಗದಲ್ಲಿ 650 ವೋಲ್ಟ್ ಏರಹೊರಟು, ಪಟಾಕಿಯ ಸದ್ದಿನೊಂದಿಗೆ ಡಬ್ಬಿಯ ಕಥೆ ಮುಗಿಯುತ್ತದೆ. ಈಚಿನ ಒಳ್ಳೆಯ ಸಪ್ಲೈಗಳು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ. ಅವಕ್ಕೆ ಈ ಗುಂಡಿಯೇ ಇರುವುದಿಲ್ಲ.

ಕೊನೆಯದಾಗಿ, ಕೈಯ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರ ತೆಗೆದಿಡಬೇಕು. 12 ವೋಲ್ಟ್ ಶಾಕ್ ಕೊಡುವುದಿಲ್ಲ, ನಿಜ. ಆದರೆ ಹತ್ತಾರು ಆಂಪಿಯರ್ ಹರಿಸಬಲ್ಲ ವೈರಿಗೆ ಉಂಗುರ ಅಡ್ಡ ಸಿಕ್ಕರೆ ಅದು ಕ್ಷಣದಲ್ಲಿ ಕಾದು ಚರ್ಮ ಸುಡುತ್ತದೆ.

ಬಣ್ಣಗಳ ಭಾಷೆ

ಎಸ್‌ಎಂಪಿಎಸ್‌ನಿಂದ ಹೊರಬರುವ ವೈರುಗಳ ಗೊಂಚಲು ನೋಡಿ ಹೆದರಬೇಕಾಗಿಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ಅರ್ಥ. ಕಪ್ಪು ಎಂದರೆ ಸೊನ್ನೆ, ಎಲ್ಲ ಅಳತೆಯೂ ಇದರಿಂದಲೇ. ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಿತ್ತಳೆ 3.3 ವೋಲ್ಟ್. ನೀಲಿ ಋಣ 12 ವೋಲ್ಟ್. ಇದಕ್ಕೆ ಈಗ ಹೆಚ್ಚಿನ ಕೆಲಸವಿಲ್ಲ. ನೇರಳೆ ಸದಾ ಎಚ್ಚರವಾಗಿರುವ 5 ವೋಲ್ಟ್. ಕಂಪ್ಯೂಟರ್ ಆರಿಸಿದ್ದರೂ ಇದರಲ್ಲಿ ವಿದ್ಯುತ್ ಇರುತ್ತದೆ. ಹಸಿರು, ಸಪ್ಲೈಯನ್ನು ಎಬ್ಬಿಸುವ ವೈರು. ಬೂದು, ‘ಎಲ್ಲ ವೋಲ್ಟೇಜೂ ಸರಿಯಾಗಿದೆ, ಇನ್ನು ಕೆಲಸ ಶುರುಮಾಡಬಹುದು’ ಎಂದು ಮದರ್‌ಬೋರ್ಡಿಗೆ ಹೇಳುವ ವೈರು.

ಹಸಿರು ವೈರಿನ ಕೆಲಸ ಸ್ವಾರಸ್ಯದ್ದು. ಎಟಿಎಕ್ಸ್‌ಗೆ ಮುಂಚಿನ ಯಂತ್ರಗಳಲ್ಲಿ ಮುಂದಿನ ಗುಂಡಿ ನೇರವಾಗಿ 230 ವೋಲ್ಟನ್ನೇ ಹಚ್ಚಿ ಆರಿಸುತ್ತಿತ್ತು. ಈಗಿನ ಗುಂಡಿ ಮದರ್‌ಬೋರ್ಡಿಗೆ ಒಂದು ಸನ್ನೆ ಕೊಡುತ್ತದೆ, ಅಷ್ಟೆ. ಬೋರ್ಡ್ ಹಸಿರು ವೈರನ್ನು ಸೊನ್ನೆ ವೋಲ್ಟಿಗೆ ಎಳೆಯುತ್ತದೆ. ಅದನ್ನು ಕಂಡು ಎಸ್‌ಎಂಪಿಎಸ್ ಏಳುತ್ತದೆ. ಬೋರ್ಡ್ ಇಲ್ಲದೆ ಸಪ್ಲೈಯನ್ನು ಎಬ್ಬಿಸಬೇಕಾದರೆ ನಾವೇ ಹಸಿರನ್ನು ಕಪ್ಪಿಗೆ ಸೇರಿಸಬೇಕು. ಪರೀಕ್ಷೆಯ ಗುಟ್ಟು ಇಷ್ಟೇ.

ಈಚಿನ ಸಪ್ಲೈಗಳಲ್ಲಿ ಅಂದಕ್ಕೆಂದು ಎಲ್ಲ ವೈರುಗಳನ್ನೂ ಕಪ್ಪಾಗಿಯೇ ಮಾಡುವುದುಂಟು. ಆಗ ಬಣ್ಣ ನೆಚ್ಚುವಂತಿಲ್ಲ, ಸ್ಥಾನವನ್ನೇ ನೋಡಬೇಕು. 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹಸಿರಿನ ಸ್ಥಾನ 16. ಅದರ ಎರಡು ಪಕ್ಕದ 15 ಮತ್ತು 17 ಎರಡೂ ಸೊನ್ನೆಯವು. ಯಾವ ಮೂಲೆಯಿಂದ ಎಣಿಕೆ ಎಂಬುದನ್ನು ಜೊತೆಗೆ ಬಂದ ಕೈಪಿಡಿಯ ಚಿತ್ರ ನೋಡಿಯೇ ನಿರ್ಧರಿಸಬೇಕು. ಹಳೆಯ 20 ಪಿನ್ನಿನದರಲ್ಲಿ ಆ ಸ್ಥಾನ 14. ದೊಡ್ಡ ಸಂಸ್ಥೆಗಳ ಸಿದ್ಧ ಕಂಪ್ಯೂಟರುಗಳಿಂದ ಬಿಚ್ಚಿದ ಸಪ್ಲೈಗಳಲ್ಲಿ ಕನೆಕ್ಟರ್ ಒಂದೇ ತರಹ ಕಂಡರೂ ಒಳಗಿನ ಜೋಡಣೆ ಬೇರೆಯಾಗಿರಬಹುದು. ಅಂಥದನ್ನು ಹೊಸ ಬೋರ್ಡಿಗೆ ಸಿಕ್ಕಿಸದಿರುವುದೇ ಕ್ಷೇಮ.

ಪರೀಕ್ಷೆಯ ಹೆಜ್ಜೆಗಳು

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಎರಡೂ ತುದಿ ಬಿಟ್ಟು ಉಳಿದ ಮೈಗೆ ಇನ್ಸುಲೇಷನ್ ಟೇಪ್ ಸುತ್ತಿದ ಒಂದು ಪೇಪರ್ ಕ್ಲಿಪ್, ಒಂದು ನೋಟ್‌ಬುಕ್. ಮರದ ಮೇಜು ಒಳ್ಳೆಯದು. ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು.

ಮೊದಲು ಮೀಟರನ್ನೇ ಪರೀಕ್ಷಿಸಬೇಕು. ಡಿ.ಸಿ. 20 ವೋಲ್ಟ್ ಸ್ಥಾನಕ್ಕೆ ತಿರುಗಿಸಿ ಹೊಸ ಟಾರ್ಚ್ ಸೆಲ್ ಒಂದನ್ನು ಅಳೆದರೆ 1.5 ಅಥವಾ 1.6 ಬರಬೇಕು. ಮೀಟರಿನ ಸ್ವಂತ ಬ್ಯಾಟರಿ ಸೋತಿದ್ದರೆ ಅದು ಎಲ್ಲವನ್ನೂ ಹೆಚ್ಚಾಗಿ ತೋರಿಸುವುದುಂಟು. ಒಳ್ಳೆಯ ಸಪ್ಲೈಯನ್ನು ಕೆಟ್ಟದೆಂದು ಅಂಗಡಿಗೆ ಹೊತ್ತು ಅವಮಾನಪಡಬೇಕಾದೀತು. ಕೆಂಪು ಕಡ್ಡಿ ವೋಲ್ಟಿನ ತೂತಿನಲ್ಲಿದೆಯೇ ಎಂದು ಇನ್ನೊಮ್ಮೆ ನೋಡಬೇಕು. 10 ಆಂಪಿಯರ್ ಎಂದು ಬರೆದ ತೂತಿನಲ್ಲಿದ್ದರೆ ಮೀಟರ್ ಒಂದು ತಂತಿಯ ತುಂಡಿನಂತೆ ವರ್ತಿಸಿ ಸಪ್ಲೈಯನ್ನು ಶಾರ್ಟ್ ಮಾಡುತ್ತದೆ.

ಎರಡನೆಯದು, ಕಣ್ಣು ಮೂಗಿನ ಪರೀಕ್ಷೆ. ಡಬ್ಬಿ ನುಗ್ಗಾಗಿದೆಯೇ, ಸುಟ್ಟ ವಾಸನೆಯಿದೆಯೇ, ಅಲುಗಿಸಿದರೆ ಒಳಗೆ ಸ್ಕ್ರೂ ಉರುಳುವ ಸದ್ದಿದೆಯೇ, ಕನೆಕ್ಟರಿನ ಪಿನ್ನುಗಳು ಹಿಂದಕ್ಕೆ ಜಾರಿವೆಯೇ ನೋಡಬೇಕು. ಒಳಗೆ ಏನಾದರೂ ಉರುಳಿದರೆ ಪ್ಲಗ್ ಹಾಕದೆಯೇ ಹಿಂದಿರುಗಿಸಬೇಕು.

ಮೂರನೆಯದು ನೇರಳೆ. ಬೇರೆ ಏನನ್ನೂ ಸಿಕ್ಕಿಸದೆ ಪ್ಲಗ್ ಹಾಕಿ, ಹಿಂಬದಿಯ ಸ್ವಿಚ್ ಹಚ್ಚಬೇಕು. ಫ್ಯಾನ್ ತಿರುಗುವುದಿಲ್ಲ, ತಿರುಗಲೂಬಾರದು. ಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೂ ಕೆಂಪು ಕಡ್ಡಿಯನ್ನು ನೇರಳೆ ವೈರಿಗೂ ಮುಟ್ಟಿಸಿದರೆ 4.75ರಿಂದ 5.25ರೊಳಗೆ ಬರಬೇಕು. ಇದು ಸೊನ್ನೆಯಾದರೆ ಮೊದಲು ಗೋಡೆಯ ಸ್ವಿಚ್ಚು, ವೈರು, ಹಿಂಬದಿಯ ಸ್ವಿಚ್ಚು ನೋಡಿ. ಅವೆಲ್ಲ ಸರಿಯಿದ್ದೂ ಸೊನ್ನೆಯೇ ಆದರೆ ಆ ಸಪ್ಲೈ ಕೆಟ್ಟಿದೆ. ಹಾಗೆಯೇ ಹಸಿರನ್ನೂ ಅಳೆಯಬೇಕು. ಅಲ್ಲಿ ಸಾಮಾನ್ಯವಾಗಿ 5 ವೋಲ್ಟಿನ ಆಸುಪಾಸು, ಕೆಲವದರಲ್ಲಿ ಸ್ವಲ್ಪ ಕಡಿಮೆ ಇರುತ್ತದೆ. ಎಲ್ಲ ವೈರು ಕಪ್ಪಾಗಿರುವ ಸಪ್ಲೈಯಲ್ಲಿ ಸರಿಯಾದ ಪಿನ್ನನ್ನೇ ಹಿಡಿದಿದ್ದೇವೆಯೇ ಎಂಬುದಕ್ಕೆ ಇದೊಂದು ಆಧಾರ.

ನಾಲ್ಕನೆಯದು, ಎಬ್ಬಿಸುವುದು. ಸ್ವಿಚ್ ಆರಿಸಿ ಪ್ಲಗ್ ಕೀಳಬೇಕು. ಹಸಿರು ಮತ್ತು ಪಕ್ಕದ ಕಪ್ಪು ಪಿನ್ನುಗಳಿಗೆ ಕ್ಲಿಪ್ಪಿನ ಎರಡು ತುದಿ ಸಿಕ್ಕಿಸಿ, ಸರಿಯಾಗಿದೆಯೇ ಎಂದು ಎರಡು ಬಾರಿ ನೋಡಿ, ಆಮೇಲೆ ವಿದ್ಯುತ್ ಕೊಡಬೇಕು. ವಿದ್ಯುತ್ ಇರುವಾಗ ಕ್ಲಿಪ್ ಸಿಕ್ಕಿಸಬಾರದು, ಕೀಳಲೂಬಾರದು. ಬಹುಮಟ್ಟಿನ ಸಪ್ಲೈಗಳಲ್ಲಿ ಈಗ ಫ್ಯಾನ್ ತಿರುಗುತ್ತದೆ. ಆದರೆ ಬೆಲೆಬಾಳುವ ಕೆಲವದರಲ್ಲಿ ಹೊರೆ ಕಡಿಮೆಯಿರುವಾಗ ಫ್ಯಾನ್ ನಿಂತೇ ಇರುವಂತೆ ಏರ್ಪಾಡು ಇದೆ. ಫ್ಯಾನ್ ತಿರುಗಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಹಾಗೆಯೇ ಫ್ಯಾನ್ ತಿರುಗಿತೆಂದು ಸಂಭ್ರಮಿಸಲೂಬೇಕಿಲ್ಲ. ಎಷ್ಟೋ ಮಂದಿ ಪರೀಕ್ಷೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಫ್ಯಾನಿಗೆ 12 ವೋಲ್ಟ್ ಇದ್ದರೂ ಸರಿ, 10 ಇದ್ದರೂ ಸರಿ, ಅದು ತಿರುಗುತ್ತದೆ. ಕಂಪ್ಯೂಟರಿಗೆ ಹಾಗಲ್ಲ.

ಐದನೆಯದು ಅಳತೆ. ಧನ ವೋಲ್ಟೇಜುಗಳು ನಿಗದಿತ ಬೆಲೆಗಿಂತ ಶೇ. 5ರಷ್ಟು ಮಾತ್ರ ಆಚೀಚೆ ಆಗಬಹುದು. ಹಳದಿ 11.40ರಿಂದ 12.60, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47. ನೀಲಿಗೆ ಮಾತ್ರ ಶೇ. 10ರ ರಿಯಾಯಿತಿ, ಎಂದರೆ ಋಣ 10.8ರಿಂದ ಋಣ 13.2. ಬೂದು ವೈರಿನಲ್ಲಿ 5 ವೋಲ್ಟಿನ ಆಸುಪಾಸು ಇರಬೇಕು. ಸಪ್ಲೈ ಎದ್ದ ಮೇಲೆ ವೋಲ್ಟೇಜುಗಳೆಲ್ಲ ನೆಲೆ ನಿಂತು 100ರಿಂದ 500 ಮಿಲಿಸೆಕೆಂಡಿನ ಬಳಿಕ ಈ ಸನ್ನೆ ಬರುತ್ತದೆ. ಬೂದು ಬಾರದಿದ್ದರೆ ಫ್ಯಾನುಗಳು ತಿರುಗಿದರೂ ಕಂಪ್ಯೂಟರ್ ಮೂಕನಂತೆ ಕೂರುತ್ತದೆ. 12 ಮತ್ತು 5 ವೋಲ್ಟನ್ನು ಅಳೆಯಲು ನಾಲ್ಕು ತೂತಿನ ಹಳೆಯ ಡಿಸ್ಕ್ ಕನೆಕ್ಟರ್ ಅನುಕೂಲ. ತೂತು ದೊಡ್ಡದು, ಕಡ್ಡಿ ಜಾರುವ ಭಯ ಕಡಿಮೆ. ಪ್ರತಿಯೊಂದು ಅಂಕಿಯನ್ನೂ ದಿನಾಂಕದೊಡನೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಹೊರೆ ಹೊರಿಸಿ ನೋಡಬೇಕು

ಬರಿಗೈಯಲ್ಲಿ ನಡೆಯುವ ಕೂಲಿಯಾಳು ಗಟ್ಟಿಗನೋ ಅಲ್ಲವೋ ಹೇಳುವುದು ಹೇಗೆ? ತಲೆಯ ಮೇಲೆ ಮೂಟೆ ಇಟ್ಟಾಗ ತಾನೇ ತಿಳಿಯುವುದು. ಹೊರೆಯಿಲ್ಲದೆ 12.10 ತೋರಿಸಿದ ಸಪ್ಲೈ ಹೊರೆ ಬಿದ್ದೊಡನೆ 11ಕ್ಕೆ ಕುಸಿಯಬಹುದು. ಹಳೆಯ ಮಾದರಿಯ ಕೆಲವು ಸಪ್ಲೈಗಳು ಸ್ವಲ್ಪವಾದರೂ ಹೊರೆಯಿಲ್ಲದಿದ್ದರೆ ಸರಿಯಾಗಿ ಏಳುವುದೂ ಇಲ್ಲ.

ಮನೆಯಲ್ಲಿ ಸಿಗುವ ಒಳ್ಳೆಯ ಹೊರೆ ಎಂದರೆ ವಾಹನದ 12 ವೋಲ್ಟಿನ ಬಲ್ಬು. ಬೈಕಿನ ಇಂಡಿಕೇಟರಿನ 10 ವಾಟಿನ ಬಲ್ಬು ಸುಮಾರು 0.83 ಆಂಪಿಯರ್ ಎಳೆಯುತ್ತದೆ. ಕಾರಿನ ಬ್ರೇಕ್ ದೀಪದ 21 ವಾಟಿನದು 1.75 ಆಂಪಿಯರ್. ಮೊದಲು 10 ವಾಟಿನದನ್ನು, ಆಮೇಲೆ 21 ವಾಟಿನ ಎರಡನ್ನು ಸಮಾಂತರವಾಗಿ ಹಳದಿ ಕಪ್ಪುಗಳ ನಡುವೆ ಜೋಡಿಸಬಹುದು. ಬಲ್ಬುಗಳು ಹೋಲ್ಡರಿನಲ್ಲಿ, ಹೆಂಚು ಅಥವಾ ಟೈಲ್ಸ್ ಮೇಲೆ ಇರಲಿ. ಬಹಳ ಕಾಯುತ್ತವೆ. ಜೋಡಿಸುವಾಗ ವಿದ್ಯುತ್ ಇರಬಾರದು. ಹೊರೆಯಿದ್ದಾಗ ಮತ್ತೆ ಅಳೆಯಬೇಕು. 12.10 ಇದ್ದದ್ದು 12.05 ಆದರೆ ಚಿಂತೆಯಿಲ್ಲ. ಇಷ್ಟು ಸಣ್ಣ ಹೊರೆಗೇ ಅರ್ಧ ವೋಲ್ಟ್ ಕುಸಿದರೆ ಅದನ್ನು ನಂಬಬಾರದು. ಹದಿನೈದು ನಿಮಿಷ ಹಾಗೆಯೇ ಬಿಟ್ಟು ಮತ್ತೊಮ್ಮೆ ಅಳೆದರೆ ಬಿಸಿಯಾದ ಮೇಲಿನ ಗುಣವೂ ತಿಳಿಯುತ್ತದೆ.

ಇಲ್ಲಿ ಒಂದು ಪಾಠವೂ ಅಡಗಿದೆ. 12 ವೋಲ್ಟ್ 21 ವಾಟಿನ ಬಲ್ಬಿನ ರೋಧ ಲೆಕ್ಕದ ಪ್ರಕಾರ ಸುಮಾರು 6.9 ಓಮ್. ಆರಿದ ಬಲ್ಬನ್ನು ಮೀಟರಿನಲ್ಲಿ ಅಳೆದರೆ ಒಂದು ಓಮ್ ಅಥವಾ ಅದಕ್ಕೂ ಕಡಿಮೆ ಬರುತ್ತದೆ. ಟಂಗ್‌ಸ್ಟನ್ ತಂತಿ ಕಾದಾಗ ರೋಧ ಹತ್ತು ಪಟ್ಟಿಗೂ ಮಿಗಿಲಾಗಿ ಏರುವುದೇ ಕಾರಣ. ಹಾಗಾಗಿ ಹಚ್ಚಿದ ಕ್ಷಣ ಪ್ರವಾಹ ಹಲವು ಪಟ್ಟು ನುಗ್ಗುತ್ತದೆ. ಎರಡು ಬಲ್ಬಿಗೆ ಸಪ್ಲೈ ಏಳಲಿಲ್ಲವೆಂದರೆ ಈ ನೂಕುನುಗ್ಗಲಿಗೆ ಹೆದರಿ ಅದರ ರಕ್ಷಣಾ ಮಂಡಲ ಮುಚ್ಚಿಕೊಂಡಿರಬಹುದು. ಒಂದು ನಿಮಿಷ ಆರಿಸಿಟ್ಟು ಒಂದೇ ಬಲ್ಬಿನೊಡನೆ ನೋಡಿದ ಮೇಲೆ ತೀರ್ಮಾನಿಸಬೇಕು.

ಚೀಟಿಯ ಮೇಲಿನ ದೊಡ್ಡ ಅಕ್ಷರ

ಡಬ್ಬಿಯ ಮೇಲೆ 500 ಎಂದು ದೊಡ್ಡದಾಗಿ ಬರೆದಿದ್ದರೆ ಸಾಲದು. ಪಕ್ಕದ ಸಣ್ಣ ಕೋಷ್ಟಕ ಓದಬೇಕು. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳು ಬಹುಪಾಲು ಶಕ್ತಿ ಪಡೆಯುವುದು 12 ವೋಲ್ಟಿನಿಂದ. ಉದಾಹರಣೆಗೆ ಕೋಷ್ಟಕದಲ್ಲಿ 12 ವೋಲ್ಟಿನ ಮುಂದೆ 20 ಆಂಪಿಯರ್ ಎಂದಿದ್ದರೆ ಅದರಿಂದ ಸಿಗುವುದು 240 ವಾಟ್ ಮಾತ್ರ. ಉಳಿದದ್ದು 5 ಮತ್ತು 3.3 ವೋಲ್ಟಿನ ಲೆಕ್ಕ. ಹೊಸ ಯಂತ್ರಕ್ಕೆ ಅಷ್ಟಾಗಿ ಬೇಕಿಲ್ಲದ್ದು. 65 ವಾಟಿನ ಪ್ರೊಸೆಸರ್, 130 ವಾಟಿನ ಗ್ರಾಫಿಕ್ಸ್ ಕಾರ್ಡ್, ಫ್ಯಾನು ಡಿಸ್ಕುಗಳಿಗೆ 30 ವಾಟ್ ಎಂದರೆ 225 ಆಯಿತು. ಪ್ರೊಸೆಸರುಗಳು ಒಮ್ಮೊಮ್ಮೆ ಚೀಟಿಯ ಬೆಲೆಗಿಂತ ಹೆಚ್ಚೇ ಎಳೆಯುತ್ತವೆ. ಉಸಿರಾಡಲು ಜಾಗವೇ ಉಳಿಯಲಿಲ್ಲ.

ದೊಡ್ಡ ಸಪ್ಲೈ ಕೊಂಡರೆ ಕರೆಂಟ್ ಬಿಲ್ ಏರುತ್ತದೆ ಎಂಬ ಹೆದರಿಕೆ ಕೆಲವು ಪೋಷಕರಿಗಿದೆ. ಅದು ತಪ್ಪು ತಿಳಿವಳಿಕೆ. 700 ವಾಟಿನ ಸಪ್ಲೈ ಸದಾ 700 ಎಳೆಯುವುದಿಲ್ಲ. ಕಂಪ್ಯೂಟರ್ ಕೇಳಿದಷ್ಟನ್ನು, ಜೊತೆಗೆ ತಾನು ಪೋಲು ಮಾಡುವಷ್ಟನ್ನು ಮಾತ್ರ ಎಳೆಯುತ್ತದೆ. ಪೋಲು ಎಷ್ಟು ಎಂಬುದನ್ನು ಹೇಳುವುದೇ 80 ಪ್ಲಸ್ ಎಂಬ ಗುರುತು. 2004ರಲ್ಲಿ ಆರಂಭವಾದ ಈ ವ್ಯವಸ್ಥೆಯ ಮೂಲ ಗುರುತು ಪಡೆಯಲು ಹೊರೆ ಶೇ. 20, 50, 100 ಇರುವಾಗಲೂ ದಕ್ಷತೆ ಶೇ. 80ಕ್ಕೆ ಕಡಿಮೆಯಾಗಬಾರದು.

ಪರೀಕ್ಷೆ ಹೇಳದ ಮಾತುಗಳು

ಈ ಪರೀಕ್ಷೆಯಲ್ಲಿ ಗೆದ್ದ ಸಪ್ಲೈ ನೂರಕ್ಕೆ ನೂರು ಒಳ್ಳೆಯದೆಂದು ತಿಳಿಯಬಾರದು. ಸೋತದ್ದು ಕೆಟ್ಟದ್ದು ಎಂಬುದು ಮಾತ್ರ ಖಚಿತ. ಎರಡು ಬಲ್ಬಿನ 42 ವಾಟ್ ಎಲ್ಲಿ, ಕಂಪ್ಯೂಟರಿನ 300 ವಾಟ್ ಎಲ್ಲಿ! ಅಲ್ಲದೆ ಡಿ.ಸಿ.ಯ ಮೇಲೆ ಉಳಿದ ಸಣ್ಣ ಅಲೆಗಳನ್ನು ಮಲ್ಟಿಮೀಟರ್ ಕಾಣಲಾರದು. 12 ವೋಲ್ಟಿನ ಮೇಲೆ ಅದು 120 ಮಿಲಿವೋಲ್ಟ್, 5 ಮತ್ತು 3.3 ವೋಲ್ಟಿನ ಮೇಲೆ 50 ಮಿಲಿವೋಲ್ಟ್ ದಾಟಬಾರದು. ಅದನ್ನು ನೋಡಲು ಆಸಿಲೊಸ್ಕೋಪ್ ಬೇಕು. ಹತ್ತಿರದ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಅಧ್ಯಾಪಕರ ಅನುಮತಿ ಪಡೆದು ನೋಡಿದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್ ಆದೀತು.

ಮಾವನ ಮನೆಯ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಸಪ್ಲೈಯಾದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿರುವ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಒಂದು ಸ್ಥೂಲ ಲೆಕ್ಕ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ, ಗೋಡೆಗೆ ಒತ್ತಿ ಇಟ್ಟ, ದೂಳು ತುಂಬಿದ ಡಬ್ಬಿಯ ಗತಿ ಏನೆಂದು ಊಹಿಸಬಹುದು. ಹತ್ತು ವರ್ಷದ ಸಪ್ಲೈ ಪರೀಕ್ಷೆಯಲ್ಲಿ ಗೆದ್ದರೂ ಹೊಸ ಬೋರ್ಡಿಗೆ ಬೇಡ.

ವೈರುಗಳನ್ನು ಬಿಚ್ಚಿ ಹಾಕುವಂಥ ಸಪ್ಲೈಗಳಲ್ಲಿ ಇನ್ನೊಂದು ಅಪಾಯವಿದೆ. ಬೋರ್ಡಿನ ಕಡೆಯ ತುದಿಗೆ ಮಾನಕವಿದೆ, ಡಬ್ಬಿಯ ಕಡೆಯ ತುದಿಗೆ ಇಲ್ಲ. ಒಂದು ಕಂಪನಿಯ ವೈರು ಇನ್ನೊಂದರ ಡಬ್ಬಿಗೆ ಸಲೀಸಾಗಿ ಕೂರಬಹುದು; 5 ವೋಲ್ಟಿನ ಜಾಗದಲ್ಲಿ 12 ಹರಿದು ಡಿಸ್ಕನ್ನೂ ಅದರೊಳಗಿನ ಫೋಟೊ, ಪಾಠಗಳನ್ನೂ ಸುಟ್ಟುಹಾಕಬಹುದು. ಸಪ್ಲೈಯೊಡನೆ ಬಂದ ವೈರುಗಳನ್ನೇ ಬಳಸಬೇಕು, ಅವುಗಳೊಡನೆಯೇ ಪರೀಕ್ಷಿಸಬೇಕು.

ಎಸ್‌ಎಂಪಿಎಸ್ ಗೆದ್ದ ಮೇಲೂ ಎಲ್ಲವನ್ನೂ ಒಂದೇ ಸಲ ಕ್ಯಾಬಿನೆಟ್ಟಿಗೆ ತುಂಬುವುದು ಬೇಡ. ಮದರ್‌ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಅದರ ಫ್ಯಾನ್, ಒಂದೇ ಒಂದು ರ‍್ಯಾಮ್ ಕಡ್ಡಿಯೊಡನೆ ಹಚ್ಚಿ ನೋಡಬೇಕು. ಪರದೆಯಲ್ಲಿ ಅಕ್ಷರ ಮೂಡಿದ ಮೇಲೆ ಉಳಿದದ್ದನ್ನು ಒಂದೊಂದಾಗಿ ಸೇರಿಸಬೇಕು. ಹೀಗೆ ಮಾಡಿದರೆ ಕೆಟ್ಟದ್ದು ಯಾವುದು ಎಂದು ಹುಡುಕಬೇಕಾಗಿಲ್ಲ; ಕೊನೆಗೆ ಸೇರಿಸಿದ್ದೇ ಅದು.

ಪೋಷಕರಿಗೆ ಒಂದು ಮಾತು. ಬಿಡಿಭಾಗಗಳ ಪಟ್ಟಿ ಹಿಡಿದು ಬಂದ ಮಗ ಅಥವಾ ಮಗಳಿಗೆ ಆ ಪಟ್ಟಿಯ ತಲೆಯಲ್ಲಿ ಒಂದು ಮಲ್ಟಿಮೀಟರನ್ನೂ ಸೇರಿಸಲು ಹೇಳಬೇಕು. ಇಡೀ ಪಟ್ಟಿಯಲ್ಲಿ ಅದೇ ಅಗ್ಗದ ಸಾಮಾನು. ಕಂಪ್ಯೂಟರ್ ನಾಲ್ಕೈದು ವರ್ಷದಲ್ಲಿ ಹಳತಾಗುತ್ತದೆ. ಮಾರುವವನ ಮಾತನ್ನೂ ಡಬ್ಬಿಯ ಮೇಲಿನ ದೊಡ್ಡ ಅಕ್ಷರವನ್ನೂ ನಂಬುವ ಮೊದಲು ಅಳೆದು ನೋಡುವ ಅಭ್ಯಾಸ ಮಾತ್ರ ಹಳತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ

1. ಹಳದಿ ವೈರು 11.52 ವೋಲ್ಟ್ ತೋರಿಸಿತು. ಇದು 12ಕ್ಕಿಂತ ಶೇಕಡ ಎಷ್ಟು ಕಡಿಮೆ? ಸಪ್ಲೈ ಪಾಸೋ, ಫೇಲೋ?

2. ಕಂಪ್ಯೂಟರ್ 240 ವಾಟ್ ಬಳಸುತ್ತದೆ, ಸಪ್ಲೈಯ ದಕ್ಷತೆ ಶೇ. 80. ದಿನಕ್ಕೆ 5 ಗಂಟೆಯಂತೆ 30 ದಿನಕ್ಕೆ ಎಷ್ಟು ಯೂನಿಟ್ ವಿದ್ಯುತ್ ಖರ್ಚು?

3. 12 ವೋಲ್ಟ್ 35 ವಾಟಿನ ಹೆಡ್‌ಲೈಟ್ ಬಲ್ಬು ಉರಿಯುವಾಗ ಅದರ ರೋಧ ಎಷ್ಟು?

ಉತ್ತರ: 1. ಶೇ. 4 ಕಡಿಮೆ, ಮಿತಿಯೊಳಗಿದೆ. ಆದರೆ ಹೊರೆಯಿಲ್ಲದಾಗಲೇ ಇಷ್ಟಿದ್ದರೆ ಹೊರೆ ಹೊರಿಸಿ ನೋಡದೆ ಒಪ್ಪಬಾರದು. 2. ಗೋಡೆಯಿಂದ ಎಳೆಯುವುದು 300 ವಾಟ್. 150 ಗಂಟೆಗೆ 45 ಯೂನಿಟ್. 3. ಸುಮಾರು 4.1 ಓಮ್.